ಉಗ್ರಾಣದ ಲೆಕ್ಕ ಎಲ್ಲಿರಬೇಕು?

ಸಂಗ್ರಹವಿದ್ದಲ್ಲೆಲ್ಲ ಲೆಕ್ಕವಿರಬೇಕೆಂಬುದು ಸಂಸಾರಸ್ಥರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಉಗ್ರಾಣದಲ್ಲಿ ರಾಗಿ ಎಷ್ಟಿದೆ, ಬೇಳೆ ಎಷ್ಟಿದೆ, ಎಣ್ಣೆಯ ಜಾಡಿ ಎಷ್ಟು ತಗ್ಗಿದೆ ಎಂಬುದನ್ನರಿಯದ ಗೃಹಿಣಿಯು ತಿಂಗಳ ಕೊನೆಯನ್ನು ಕಾಣುವುದು ಕಷ್ಟ. ಆದರೆ ಆ ಲೆಕ್ಕವು ಎಲ್ಲಿರಬೇಕು, ಯಾರ ಕಣ್ಣಿಗೆ ಬೀಳುವಂತಿರಬೇಕು, ಅದನ್ನು ಬರೆಯುವ ಶ್ರಮಕ್ಕೆ ಮಿತಿ ಯಾವುದು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಲೆಕ್ಕವಿದೆಯೆಂದಮೇಲೆ ಅದು ಎಲ್ಲಿದ್ದರೇನು ಎಂದುಕೊಳ್ಳುತ್ತೇವೆ. ವಿಚಾರಮಾಡಿ ನೋಡಿದರೆ, ಲೆಕ್ಕವಿರುವ ಸ್ಥಳದಿಂದಲೇ ಅದರ ಪ್ರಯೋಜನವು ಬಹುಮಟ್ಟಿಗೆ ನಿರ್ಣಯವಾಗುತ್ತದೆ.

ನಮ್ಮ ಕೋಲಾರದ ಸೀಮೆಯಲ್ಲಿ ಹಿಂದಿನವರು ಎರಡು ಬಗೆಯ ಸಂಗ್ರಹಗಳನ್ನು ಮಾಡಿಕೊಂಡಿದ್ದರು. ಒಂದು, ರಾಗಿಯ ಹಗೇವು. ನೆಲದಲ್ಲಿ ಆಳವಾಗಿ ತೋಡಿ, ಕಿರಿದಾದ ಬಾಯಿ ಬಿಟ್ಟು, ರಾಗಿಯನ್ನು ತುಂಬಿ, ಕಲ್ಲುಮುಚ್ಚಿ ಮಣ್ಣೆಳೆದುಬಿಟ್ಟರೆ ಅದು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಆದರೆ ಒಳಗೆ ಎಷ್ಟಿದೆ, ಹೇಗಿದೆ ಎಂಬುದು ಬಾಯಿ ತೆಗೆದ ದಿನವೇ ತಿಳಿಯತಕ್ಕದ್ದು. ತೆಗೆದಮೇಲೂ ಒಳಗಿನ ಕೆಟ್ಟ ಗಾಳಿಯು ಹೋಗುವವರೆಗೆ ಕಾದು ಮನುಷ್ಯನನ್ನು ಇಳಿಸಬೇಕು. ಇನ್ನೊಂದು, ಕೆರೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ನಾಡಿಗೆ ಕೆರೆಯೇ ಭಂಡಾರ. ಅದರ ತೂಬಿನ ಬಳಿ ನಿಂತ ಕಲ್ಲುಕಂಬಗಳನ್ನೂ ಅವುಗಳಿಗೆ ಅಡ್ಡಲಾಗಿ ಕೂಡಿಸಿದ ಕಲ್ಲುಗಳನ್ನೂ ಏರಿಯ ಮೇಲೆ ಹೋಗುವ ಯಾರು ಬೇಕಾದರೂ ನೋಡಬಹುದು. ಎಷ್ಟು ಕಲ್ಲು ಮುಳುಗಿದೆ, ಎಷ್ಟು ಕಲ್ಲು ಬಯಲಾಗಿದೆ ಎಂಬುದನ್ನು ನೋಡಿದರೆ ಮುಂದಿನ ಬೆಳೆಗೆ ನೀರುಂಟೋ ಇಲ್ಲವೋ ಎಂದು ಕುರಿಕಾಯುವ ಹುಡುಗನೂ ಹೇಳಬಲ್ಲನು. ನೀರುಗಂಟಿಯನ್ನು ಕೇಳಬೇಕಾಗಿಲ್ಲ, ನೀರುಗಂಟಿಯು ಮರೆಮಾಚುವುದಕ್ಕೂ ಆಗುವುದಿಲ್ಲ.

ಈ ಹಗೇವು ಮತ್ತು ಕೆರೆಗಳ ಭೇದವು ನನ್ನ ಮನಸ್ಸಿಗೆ ಮತ್ತೆ ಬಂದದ್ದು ಕಂಪ್ಯೂಟರಿನ ದೆಸೆಯಿಂದ. ಕಾವ್ಯ ವ್ಯಾಕರಣಗಳನ್ನು ಬೋಧಿಸಿಕೊಂಡಿದ್ದವನಿಗೆ ಇದೇಕೆಂದು ವಾಚಕರು ನಗಬಹುದು. ಆದರೆ ಪಹಣಿ, ಪಡಿತರ, ಪಿಂಚಣಿ, ಮಕ್ಕಳ ಅಂಕಪಟ್ಟಿ ಎಲ್ಲವೂ ಆ ಯಂತ್ರದೊಳಗೆ ಸೇರಿಕೊಂಡಿರುವ ಈ ಕಾಲದಲ್ಲಿ, ಅದು ತನ್ನ ಉಗ್ರಾಣದ ಲೆಕ್ಕವನ್ನು ಎಲ್ಲಿ ತೂಗುಹಾಕುತ್ತದೆ ಎಂಬುದು ಯಂತ್ರಶಿಲ್ಪಿಗಳಿಗೆ ಮಾತ್ರ ಬಿಟ್ಟ ವಿಷಯವಲ್ಲ.

ಮೊದಲು ಯಂತ್ರದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳುವೆನು. ಕಂಪ್ಯೂಟರಿನಲ್ಲಿ ನಮ್ಮ ಬರಹ, ಚಿತ್ರ, ಲೆಕ್ಕಪತ್ರಗಳು ಶಾಶ್ವತವಾಗಿ ಉಳಿಯುವ ಸ್ಥಳಕ್ಕೆ ಡಿಸ್ಕ್ ಎಂದು ಹೆಸರು, ಅದೇ ಉಗ್ರಾಣ. ನಾವು ಬಳಸುವ ಬರವಣಿಗೆಯ ಸಾಧನ, ಚಿತ್ರ ತೋರಿಸುವ ಸಾಧನ ಮೊದಲಾದುವೆಲ್ಲ ಪಡಸಾಲೆಯಲ್ಲಿ ಕುಳಿತ ನೆಂಟರಿದ್ದಂತೆ. ಅವು ನೇರವಾಗಿ ಉಗ್ರಾಣಕ್ಕೆ ನುಗ್ಗುವಂತಿಲ್ಲ. ನಡುವೆ ಒಬ್ಬ ಪಾರುಪತ್ಯಗಾರನಿದ್ದಾನೆ. ಅವನಿಗೆ ಕರ್ನೆಲ್ ಎಂದು ಹೆಸರು. ಕಾಳಿನೊಳಗಿನ ತಿರುಳು ಎಂದು ಅರ್ಥ. ಬೇಡಿಕೆಗಳೆಲ್ಲ ಅವನ ಬಳಿಗೆ ಬರುತ್ತವೆ, ಅವನೇ ಸಾಲಿನಲ್ಲಿ ನಿಲ್ಲಿಸುತ್ತಾನೆ, ಪಕ್ಕಪಕ್ಕದ ಬೇಡಿಕೆಗಳನ್ನು ಒಟ್ಟುಗೂಡಿಸುತ್ತಾನೆ, ಉಗ್ರಾಣದಿಂದ ತಂದುಕೊಡುತ್ತಾನೆ. ಆದುದರಿಂದ ಎಷ್ಟು ಬೇಡಿಕೆ ಬಂತು, ಎಷ್ಟು ಹೊತ್ತಿನಲ್ಲಿ ತೀರಿತು, ಈಗ ಸಾಲಿನಲ್ಲಿ ಎಷ್ಟು ನಿಂತಿದೆ ಎಂಬುದನ್ನು ಸರಿಯಾಗಿ ಬಲ್ಲವನು ಅವನೊಬ್ಬನೇ. ಅವನು ಅದನ್ನು ಹೇಳದಿದ್ದರೆ ಪಡಸಾಲೆಯವರಿಗೆ ಊಹೆಯೇ ಗತಿ.

ಊಹೆಯ ಫಲವೇನೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುವೆನು. ನಮ್ಮ ಕಡೆಯ ಒಂದು ವಾಚನಾಲಯದಲ್ಲಿ, ಮುಳಬಾಗಿಲಿನ ಸುತ್ತಿನ ಒಂದು ಮನೆತನದ ಒಂಬತ್ತು ಕಟ್ಟು ಓಲೆಗರಿಗಳ ಚಿತ್ರಗಳನ್ನು ಒಂದು ಹಳೆಯ ಕಂಪ್ಯೂಟರಿನಲ್ಲಿ ಶೇಖರಿಸಿಟ್ಟಿದ್ದರು. ನಾನು ಆಗಾಗ ಹೋಗಿ ಅವುಗಳನ್ನೋದಿ ಬಿಡಿಸಿ ಬರೆಯುತ್ತಿದ್ದೆನು. ಯಂತ್ರವು ಬರಬರುತ್ತ ನಿಧಾನವಾಯಿತು. ವಿದ್ಯುಚ್ಛಕ್ತಿ ಸರಿಯಿಲ್ಲವೆಂದು ಒಬ್ಬರು ಹೇಳಿದರು, ಯಂತ್ರಕ್ಕೆ ಮುಪ್ಪು ಬಂದಿತೆಂದು ಇನ್ನೊಬ್ಬರು, ಧೂಳೆಂದು ಮತ್ತೊಬ್ಬರು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ನ್ಯಾಯಶಾಸ್ತ್ರಕ್ಕೆ ಸಮ್ಮತವೇ. ಆದರೆ ಮಂಜನ್ನು ಹೊಗೆಯೆಂದು ತಿಳಿದರೆ ಆ ಅನುಮಾನಪ್ರಮಾಣವು ನಿಲ್ಲಲಾರದು. ಹೀಗೆ ಮೂರು ತಿಂಗಳು ಕಳೆಯಿತು.

ಯುಗಾದಿಗೆ ಊರಿಗೆ ಬಂದಿದ್ದ ನನ್ನ ಹಳೆಯ ಶಿಷ್ಯನೊಬ್ಬನು—ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವವನು—ಯಂತ್ರದ ಮುಂದೆ ಕುಳಿತು, "ಸಾರ್, ಯಂತ್ರಾನ ಬೈಯೋದಕ್ಕೆ ಮುಂಚೆ ಅದರ ಲೆಕ್ಕದ ಪುಸ್ತಕ ಒಂದ್ಸಲ ನೋಡಿಬಿಡೋಣ," ಎಂದನು.

"ಅದಕ್ಕೂ ಲೆಕ್ಕದ ಪುಸ್ತಕವುಂಟೇನಪ್ಪ?" ಎಂದೆ.

"ಯಾವಾಗಲೂ ತೆರೆದೇ ಇರತ್ತೆ ಸಾರ್. ನೋಡೋರು ಇಲ್ಲ ಅಷ್ಟೆ."

ಅವನು ಒಂದು ಸಾಲು ಬೆರಳಚ್ಚು ಮಾಡಿದನು. ಪರದೆಯ ಮೇಲೆ ಅಂಕಿಗಳ ಒಂದು ಪಂಕ್ತಿ ಬಂತು. ಹತ್ತು ಸೆಕೆಂಡು ಬಿಟ್ಟು ಮತ್ತೆ ಅದನ್ನೇ ತರಿಸಿದನು. ಎರಡನ್ನೂ ಕಾಗದದ ಮೇಲೆ ಬರೆದು ಕಳೆಯುವಂತೆ ನನಗೆ ಹೇಳಿದನು. ಆ ಹತ್ತು ಸೆಕೆಂಡುಗಳಲ್ಲಿ ಡಿಸ್ಕಿನಿಂದ ಓದಿದ್ದು ೨೦ ಸಲ. ಓದುವುದಕ್ಕಾಗಿ ಸಂದ ಕಾಲ ೯,೦೦೦ ಮಿಲಿಸೆಕೆಂಡು. ಎಂದರೆ ಒಂದೊಂದು ಓದಿಗೆ ೪೫೦. ತಿರುಗುವ ತಟ್ಟೆಯ ಡಿಸ್ಕು ಆರೋಗ್ಯವಾಗಿದ್ದರೆ ಈ ಕೆಲಸಕ್ಕೆ ಸುಮಾರು ೧೦ ಮಿಲಿಸೆಕೆಂಡು ಸಾಕು. ವಿದ್ಯುಚ್ಛಕ್ತಿಯೂ ಕಾರಣವಲ್ಲ, ಧೂಳೂ ಅಲ್ಲ, ಉಗ್ರಾಣವೇ ಕುಸಿಯುತ್ತಿತ್ತು. ಅಂದೇ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಸಾಗಿಸಲಾರಂಭಿಸಿದೆವು. ಎಂಟು ಕಟ್ಟುಗಳ ಚಿತ್ರಗಳು ಪೂರ್ತಿಯಾಗಿ ಬಂದುವು. ಒಂಬತ್ತನೆಯ ಕಟ್ಟಿನಲ್ಲಿ ೧೭ ಗರಿಗಳ ಚಿತ್ರ ಹೋಯಿತು. ಮೂಲದ ಗರಿಗಳನ್ನು ಅಷ್ಟರಲ್ಲಿ ಗೆದ್ದಲು ತಿಂದುಬಿಟ್ಟಿತ್ತು. ಆ ೧೭ ಗರಿಗಳಲ್ಲಿ ಏನಿತ್ತೆಂಬುದನ್ನು ಇನ್ನು ಯಾರೂ ಹೇಳಲಾರರು.

ಲೆಕ್ಕದ ಪುಸ್ತಕವು ಯಾವಾಗಲೂ ತೆರೆದಿತ್ತೆಂಬ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಅದು ಎಲ್ಲಿ ತೆರೆದಿತ್ತು, ಅಲ್ಲಿ ಅದನ್ನಿಟ್ಟವರು ಯಾರು ಎಂದು ಶಿಷ್ಯನನ್ನು ಕೇಳಿ ಕೇಳಿ ತಿಳಿದುಕೊಂಡೆನು. ಆ ಕಥೆಯು ಸ್ವಾರಸ್ಯವಾಗಿದೆ.

ಆ ಯಂತ್ರದಲ್ಲಿದ್ದ ಕರ್ನೆಲಿಗೆ ಲಿನಕ್ಸ್ ಎಂದು ಹೆಸರು. ಅದನ್ನು ೧೯೯೧ರಲ್ಲಿ ಲಿನಸ್ ತೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು ಆರಂಭಿಸಿದನು. ಇಂದು ಸಾವಿರಾರು ಜನ ಸೇರಿ ಬರೆಯುತ್ತಾರೆ. ಅದರ ಮೂಲಪಾಠವು ಯಾರು ಬೇಕಾದರೂ ಓದುವಂತಿದೆ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲುಗಳೊಳಗಿರುವುದೂ ಇದೇ ಕರ್ನೆಲ್. ಇದರಲ್ಲಿ ಒಂದು ಚಮತ್ಕಾರವುಂಟು. ಕರ್ನೆಲು ತನಗೆ ತಿಳಿದದ್ದನ್ನು ಕಡತದ ರೂಪದಲ್ಲಿಯೇ ಹೊರಗಿನವರಿಗೆ ತೋರಿಸುತ್ತದೆ. ಆ ಕಡತವು ಡಿಸ್ಕಿನಲ್ಲಿ ಎಲ್ಲಿಯೂ ಇಲ್ಲ. ಓದಲು ಹೋದ ಕ್ಷಣದಲ್ಲಿ ಕರ್ನೆಲೇ ಅದನ್ನು ಬರೆದು ಕೈಗಿಡುತ್ತದೆ. ಇಂಥ ಕಡತಗಳನ್ನಿಟ್ಟ ಅಂಕಣಕ್ಕೆ 'ಪ್ರಾಕ್' ಎಂದು ಹೆಸರು. ಪ್ರೊಸೆಸ್ ಎಂಬುದರ ಸಂಕ್ಷೇಪ. ಯೂನಿಕ್ಸ್ ಎಂಬ ಹಿರಿಯ ವ್ಯವಸ್ಥೆಗಾಗಿ ಬೆಲ್ ಪ್ರಯೋಗಶಾಲೆಯ ಟಾಮ್ ಕಿಲಿಯನ್ ಎಂಬವನು ಇದನ್ನು ೧೯೮೪ರಲ್ಲಿ ವಿವರಿಸಿದನು; ಲಿನಕ್ಸಿಗೆ ಅದು ಪರಂಪರೆಯಿಂದ ಬಂತು. ನಮ್ಮ ಸಂಸ್ಕೃತದಲ್ಲಿ ಪ್ರಾಕ್ ಎಂದರೆ ಪೂರ್ವ, ಮೊದಲಿನದು ಎಂದರ್ಥ. ಮೊದಲು ಬಂದದ್ದೂ ಇದೇ ಆದುದರಿಂದ ಹೆಸರು ಅಕಸ್ಮಾತ್ತಾಗಿ ಸಾರ್ಥಕವಾಗಿದೆ.

ಆದರೆ ಪ್ರಾಕ್ ಎಂಬುದು ಕಾಲಕ್ರಮದಲ್ಲಿ ಮನೆಯ ಅಟ್ಟದಂತಾಯಿತು. ಎಲ್ಲಿಡಬೇಕೆಂದು ತೋರದ ಲೆಕ್ಕವನ್ನೆಲ್ಲ ಅಲ್ಲಿಗೆ ಎಸೆಯತೊಡಗಿದರು. ಡಿಸ್ಕಿನ ವಿಸ್ತಾರವಾದ ಲೆಕ್ಕವು ೨.೪ ಎಂಬ ಆವೃತ್ತಿಯ ಕಾಲದಲ್ಲಿ ಡಿಸ್ಕಿನ ವಿಭಾಗಗಳ ಪಟ್ಟಿಯ ಬಾಲಕ್ಕೆ ಅಂಟಿಕೊಂಡಿತ್ತು. ೨೦೦೩ರ ಡಿಸೆಂಬರಿನಲ್ಲಿ ೨.೬ ಆವೃತ್ತಿಯು ಹೊರಟಾಗ 'ಸಿಸ್' ಎಂಬ ಹೊಸ ಅಂಕಣವನ್ನು ಕಟ್ಟಿದರು. ಅದರ ಶಿಲ್ಪಿಯು ಪ್ಯಾಟ್ರಿಕ್ ಮೋಚೆಲ್. ಇಲ್ಲಿ ಪ್ರತಿಯೊಂದು ಉಪಕರಣಕ್ಕೂ ತನ್ನದೇ ಆದ ಕೋಣೆ. ಒಂದು ಕಡತದಲ್ಲಿ ಒಂದೇ ಮೌಲ್ಯವೆಂಬುದು ನಿಯಮ. ಆಗ ಪ್ರಶ್ನೆ ಎದ್ದಿತು: ಡಿಸ್ಕಿನ ಲೆಕ್ಕವು ಎಲ್ಲಿರತಕ್ಕದ್ದು? ಎಲ್ಲ ಡಿಸ್ಕುಗಳ ಲೆಕ್ಕವನ್ನೂ ಸಾಲುಸಾಲಾಗಿ ಬರೆದ ಒಂದೇ ಹಲಗೆಯು ಪ್ರಾಕಿನಲ್ಲಿರಬೇಕೆ, ಅಥವಾ ಆಯಾ ಡಿಸ್ಕಿನ ಕೋಣೆಯಲ್ಲಿ ಅದರದರ ಲೆಕ್ಕವಿರಬೇಕೆ?

ಅವರು ಎರಡು ಕಡೆಯೂ ಇಟ್ಟರು. ಪ್ರಾಕಿನಲ್ಲಿ 'ಡಿಸ್ಕ್‌ಸ್ಟ್ಯಾಟ್ಸ್' ಎಂಬ ಒಂದು ಕಡತ; ಸಿಸ್‌ನಲ್ಲಿ ಒಂದೊಂದು ಡಿಸ್ಕಿನ ಕೋಣೆಯಲ್ಲಿಯೂ 'ಸ್ಟ್ಯಾಟ್' ಎಂಬ ಕಡತ. ಇದು ತೀರ್ಮಾನಕ್ಕೆ ಬರಲಾರದವರ ಸಂಧಾನವೆಂದು ತೋರಬಹುದು. ಆದರೆ ಕರ್ನೆಲಿನ ಕೈಪಿಡಿಯಲ್ಲಿಯೇ ಅದಕ್ಕೆ ಯುಕ್ತಿಯನ್ನು ಹೇಳಿದ್ದಾರೆ. ನಾಲ್ಕಾರು ಡಿಸ್ಕುಗಳನ್ನು ಮಾತ್ರ ಗಮನಿಸುವವನಿಗೆ ಕೋಣೆಯೊಳಗಿನ ಲೆಕ್ಕವೇ ಅನುಕೂಲ. ಐವತ್ತು, ನೂರು, ಐನೂರು ಡಿಸ್ಕುಗಳಿದ್ದಲ್ಲಿ ಪ್ರತಿಸಲವೂ ಐನೂರು ಬಾಗಿಲುಗಳನ್ನು ತೆರೆದು ಮುಚ್ಚುವುದು ವ್ಯರ್ಥಶ್ರಮವಾದುದರಿಂದ ಅಂಥವನಿಗೆ ಒಟ್ಟಿನ ಹಲಗೆಯೇ ಲೇಸು. ನಮ್ಮಲ್ಲಿಯೂ ಹಾಗೆಯೇ ಅಲ್ಲವೆ? ಒಂದು ಕೆರೆಯ ಅಚ್ಚುಕಟ್ಟಿನ ರೈತನಿಗೆ ತನ್ನ ತೂಬಿನ ಕಲ್ಲೇ ಸಾಕು; ಶ್ರೀನಿವಾಸಪುರ, ಮಾಲೂರು ತಾಲ್ಲೂಕುಗಳ ಕೆರೆಗಳನ್ನೆಲ್ಲ ನೋಡಿಕೊಳ್ಳತಕ್ಕವನಿಗೆ ಎಲ್ಲವನ್ನೂ ಒಂದೇ ಕಡೆ ಬರೆದ ಪಟ್ಟಿ ಬೇಕು. ನೋಡುವವನು ಯಾರೆಂಬುದನ್ನು ಹೊಂದಿ ಸ್ಥಳವು ನಿಶ್ಚಯವಾಗುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಸಿಸ್‌ನಲ್ಲಿ ಒಂದು ಕಡತಕ್ಕೆ ಒಂದೇ ಮೌಲ್ಯವೆಂದು ಹೇಳಿದೆನಷ್ಟೆ. ಆದರೆ ಡಿಸ್ಕಿನ ಲೆಕ್ಕದಲ್ಲಿ ಆ ನಿಯಮವನ್ನು ಬುದ್ಧಿಪೂರ್ವಕವಾಗಿ ಬಿಟ್ಟಿದ್ದಾರೆ. ಮೊದಲು ೧೧ ಅಂಕಿಗಳಿದ್ದುವು. ೨೦೧೮ರಲ್ಲಿ ೧೫ ಆದುವು. ೨೦೨೦ರಲ್ಲಿ ೧೭ ಆದುವು. ಇವೆಲ್ಲವೂ ಒಂದೇ ಕಡತದಲ್ಲಿವೆ. ಕಾರಣವೇನೆಂದರೆ, ಒಂದೊಂದನ್ನು ಒಂದೊಂದು ಕಡತದಲ್ಲಿಟ್ಟಿದ್ದರೆ ಅವುಗಳನ್ನು ಒಂದಾದಮೇಲೊಂದಾಗಿ ಓದುವಷ್ಟರಲ್ಲಿ ಡಿಸ್ಕಿನ ಸ್ಥಿತಿಯು ಬದಲಾಗಿಬಿಡುತ್ತದೆ; ಅಂಕಿಗಳೆಲ್ಲ ಒಂದೇ ಕ್ಷಣಕ್ಕೆ ಸೇರಿದುವೆಂಬ ಭರವಸೆಯಿರುವುದಿಲ್ಲ. ಬೆಳಗ್ಗೆ ಹಾಲಿನ ಲೆಕ್ಕವನ್ನೂ ಮರುದಿನ ಮೊಸರಿನ ಲೆಕ್ಕವನ್ನೂ ಬರೆದುಕೊಂಡು ಎರಡನ್ನೂ ಕೂಡಿಸಿದರೆ, ರಾತ್ರಿ ಹೆಪ್ಪುಹಾಕಿದ ಹಾಲು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ನಿಯಮವು ಇರುವುದು ಸತ್ಯದ ರಕ್ಷಣೆಗಾಗಿ. ಸತ್ಯಕ್ಕೇ ಬಾಧಕವಾಗುವ ಕಡೆ ಅದಕ್ಕೆ ಅಪವಾದವನ್ನು ಮಾಡಿಕೊಳ್ಳುವುದು ಶಾಸ್ತ್ರಸಮ್ಮತವೇ. ಪಾಣಿನಿಯನ್ನೋದಿದವರಿಗೆ ಉತ್ಸರ್ಗವೂ ಅಪವಾದವೂ ಹೊಸತಲ್ಲ.

ಈ ಅಂಕಿಗಳನ್ನು ಓದುವ ಬಗೆಯೂ ಮನೆಯವರಿಗೆ ಪರಿಚಿತವಾದದ್ದೇ. ಅವು ಯಂತ್ರವು ಎದ್ದ ಗಳಿಗೆಯಿಂದ ಬೆಳೆಯುತ್ತಲೇ ಹೋಗುತ್ತವೆ. ಮನೆಯ ಗೋಡೆಯ ವಿದ್ಯುತ್ ಮೀಟರಿನಂತೆ. ಮೀಟರು ಈ ತಿಂಗಳ ಖರ್ಚನ್ನು ಹೇಳುವುದಿಲ್ಲ. ಹೋದ ತಿಂಗಳ ಅಂಕಿಯನ್ನು ಈ ತಿಂಗಳದರಿಂದ ನಾವೇ ಕಳೆಯಬೇಕು. ಹನ್ನೊಂದರಲ್ಲಿ ಒಂದು ಮಾತ್ರ—ಈಗ ಸಾಲಿನಲ್ಲಿ ನಿಂತ ಬೇಡಿಕೆಗಳೆಷ್ಟೆಂಬುದು—ಏರಿ ಇಳಿದು ಸೊನ್ನೆಗೂ ಬರುತ್ತದೆ. ಕರ್ನೆಲು ಅಂಕಿಗಳನ್ನಷ್ಟೇ ಕೊಟ್ಟು ಸರಾಸರಿಯನ್ನೂ ತೀರ್ಪನ್ನೂ ಓದುವವನಿಗೆ ಬಿಡುತ್ತದೆ. ಸಾಕ್ಷಿಯು ಕಂಡದ್ದನ್ನು ಹೇಳಬೇಕು. ತೀರ್ಪು ಕೊಡುವುದು ಅವನ ಕೆಲಸವಲ್ಲ.

ಲೆಕ್ಕದ ಸ್ಥಳವೆಲ್ಲಿ ಎಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನರು ಕೇಳಿರಲಿಲ್ಲವೆಂದು ಭಾವಿಸಬೇಡಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಪ್ರಕರಣವೇ ಉಂಟು. ಅಕ್ಷಪಟಲವೆಂಬ ಲೆಕ್ಕದ ಕಚೇರಿಯು ಪೂರ್ವಕ್ಕಾಗಲಿ ಉತ್ತರಕ್ಕಾಗಲಿ ಮುಖವಾಗಿರಬೇಕು, ಬೇರೆಬೇರೆ ಆಸನಗಳಿರಬೇಕು, ಲೆಕ್ಕದ ಪುಸ್ತಕಗಳಿಗೆ ಸ್ಥಾನವಿರಬೇಕು ಎಂದು ಅಲ್ಲಿ ವಿಧಿಸಿದೆ. ಕೋಶವನ್ನು ಕಾಯತಕ್ಕ ಸನ್ನಿಧಾತನೇ ಬೇರೆ. ಲೆಕ್ಕವನ್ನಿಡತಕ್ಕ ಅಕ್ಷಪಟಲದ ಅಧ್ಯಕ್ಷನೇ ಬೇರೆ. ಅದಕ್ಕಿಂತಲೂ ನನಗೆ ಹೆಚ್ಚು ಮೆಚ್ಚಾದದ್ದು ಇನ್ನೊಂದು ವಿಧಿ. ಮಳೆಯನ್ನು ಅಳೆಯುವುದಕ್ಕಾಗಿ ಒಂದು ಮೊಳ ಬಾಯುಳ್ಳ ಕುಂಡವನ್ನು ಕೋಷ್ಠಾಗಾರದಲ್ಲಿಯೇ ಇಡಬೇಕೆಂದು ಅವನು ಹೇಳುತ್ತಾನೆ. ಧಾನ್ಯವಿರುವಲ್ಲಿಯೇ ಮಳೆಯ ಅಳತೆ! ಅಳೆಯುವುದು ಉಗ್ರಾಣದ ಬಳಿಯಲ್ಲಿ, ಬರೆದಿಡುವುದು ಬೇರೊಂದು ಕಡೆಯಲ್ಲಿ—ಈ ಎರಡನ್ನೂ ಬೇರ್ಪಡಿಸಿದ್ದು ದೊಡ್ಡ ವಿವೇಕ. ಕರ್ನೆಲು ಮಾಡುತ್ತಿರುವುದೂ ಇದೇ. ಎಣಿಸುವುದು ಒಳಗೆ, ತೋರಿಸುವುದು ಹೊರಗೆ.

ಆದರೆ ಎಣಿಕೆಗೂ ಬೆಲೆಯುಂಟು. ಮದುವೆಯ ಮನೆಯಲ್ಲಿ ಬಡಿಸುವವನೇ ಒಂದೊಂದು ಹೋಳಿಗೆಯನ್ನೂ ಪುಸ್ತಕದಲ್ಲಿ ಬರೆಯುತ್ತ ಹೋದರೆ ಪಂಕ್ತಿಯು ಎದ್ದುಹೋಗುವವರೆಗೂ ಊಟ ಮುಗಿಯದು. ಮೈಕ್ರೊಸಾಫ್ಟ್ ಕಂಪನಿಯ ವಿಂಡೋಸ್ ಎನ್‌ಟಿ ಎಂಬ ವ್ಯವಸ್ಥೆಯಲ್ಲಿ ಇದೇ ಕಾರಣದಿಂದ ಡಿಸ್ಕಿನ ಎಣಿಕೆಯನ್ನು ಮೊದಲಿಗೆ ನಿಲ್ಲಿಸಿಯೇ ಇಟ್ಟಿದ್ದರು. ಬೇಕಾದವರು 'ಡಿಸ್ಕ್‌ಪರ್ಫ್' ಎಂಬ ಆಜ್ಞೆಯನ್ನು ಕೊಟ್ಟು ಯಂತ್ರವನ್ನು ಮತ್ತೆ ಎಬ್ಬಿಸಬೇಕಾಗಿತ್ತು. ಲಿನಕ್ಸಿನವರು ಎಣಿಕೆಯನ್ನು ನಡೆಯಗೊಟ್ಟರು. ಆದರೆ ಎಣಿಸುವಾಗ ಬೀಗಹಾಕಿ ಬೇರೆಯವರನ್ನು ಕಾಯಿಸುವುದಿಲ್ಲ. ಅದರಿಂದ ಕೊನೆಯ ಅಂಕಿಯಲ್ಲಿ ಒಂದೆರಡು ಹೆಚ್ಚುಕಡಿಮೆಯಾದರೆ ಆಗಲಿ ಎಂದು ಒಪ್ಪಿಕೊಂಡಿದ್ದಾರೆ. ಅದೂ ಬೇಡವೆಂಬವನು ತನ್ನ ಡಿಸ್ಕಿನ ಎಣಿಕೆಯನ್ನು ನಿಲ್ಲಿಸುವುದಕ್ಕೆ ಒಂದು ಗುಂಡಿಯೂ ಆ ಕೋಣೆಯಲ್ಲಿಯೇ ಇದೆ.

ಈ ವಿಷಯದಲ್ಲಿ ನಮ್ಮ ನಾಡಿನ ಕೈವಾಡವೂ ಉಂಟು. ಡಿಸ್ಕು ಎಷ್ಟು ದುಡಿಯಿತೆಂಬುದಲ್ಲ, ಡಿಸ್ಕಿಗಾಗಿ ಒಂದೊಂದು ಕೆಲಸವೂ ಎಷ್ಟು ಹೊತ್ತು ಕಾದಿತೆಂಬುದನ್ನು ಎಣಿಸುವ 'ವಿಳಂಬದ ಲೆಕ್ಕ'ವು ೨೦೦೬ರಲ್ಲಿ ೨.೬.೧೮ ಆವೃತ್ತಿಯಲ್ಲಿ ಸೇರಿತು. ಐಬಿಎಂ ಕಂಪನಿಯ ಶೈಲಭ್ ನಾಗರ್ ಮತ್ತು ಬೆಂಗಳೂರಿನಲ್ಲಿದ್ದ ಬಲಬೀರ್ ಸಿಂಗ್ ಇದಕ್ಕಾಗಿ ದುಡಿದರು. ಇದರ ಬಹುಭಾಗವನ್ನು ಅವರು ಪ್ರಾಕಿನಲ್ಲಾಗಲಿ ಸಿಸ್‌ನಲ್ಲಾಗಲಿ ಹಲಗೆಯಾಗಿ ತೂಗುಹಾಕದೆ, ಕೇಳಿದವರಿಗೆ ಕಾಗದ ಬರೆದು ಉತ್ತರಿಸುವಂಥ ಮೂರನೆಯ ಮಾರ್ಗವನ್ನು ಹಿಡಿದರು. ಹದಿನೈದು ವರ್ಷ ಈ ಲೆಕ್ಕವು ನಡೆಯಿತು. ೨೦೨೧ರಲ್ಲಿ ೫.೧೪ ಆವೃತ್ತಿಯಲ್ಲಿ, ಇದರಿಂದ ಎಲ್ಲರಿಗೂ ಸ್ವಲ್ಪ ಖರ್ಚು ಬೀಳುತ್ತದೆ, ಬೇಕೆಂದವರು ಮಾತ್ರ ಚಾಲುಮಾಡಿಕೊಳ್ಳಲಿ ಎಂದು, ಮೊದಲಿಗೆ ನಿಂತಿರುವಂತೆ ಮಾಡಿದರು. ಆ ಲೆಕ್ಕವನ್ನೇ ನಂಬಿದ್ದ 'ಐಓಟಾಪ್' ಎಂಬ ಉಪಕರಣದಲ್ಲಿ ಆ ಅಂಕಿಗಳು ದೊರೆಯದಾದುವು. ಖರ್ಚನ್ನು ಉಳಿಸಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ನೋಡುವ ಅಭ್ಯಾಸವಿದ್ದ ಕಡೆ ಲೆಕ್ಕವು ಇಲ್ಲದಾದರೆ, ಏರಿಯ ಮೇಲೆ ಬಂದ ರೈತನಿಗೆ ತೂಬಿನ ಕಂಬವೇ ಕಾಣದೆ ಹೋದಂತೆ. ಆದುದರಿಂದಲೇ ಕರ್ನೆಲಿನವರು ಹೊರಗಿನವರು ನಂಬಿಕೊಂಡ ವಿಳಾಸಗಳನ್ನು ಕದಲಿಸಬಾರದೆಂಬ ವ್ರತವನ್ನು ಬಹುಮಟ್ಟಿಗೆ ಪಾಲಿಸುತ್ತಾರೆ. ಹನ್ನೊಂದು ಅಂಕಿಗಳು ಹದಿನೇಳಾದಾಗಲೂ ಹೊಸವನ್ನು ಕೊನೆಗೆ ಸೇರಿಸಿದರೇ ಹೊರತು ಹಳೆಯವುಗಳ ಸ್ಥಾನವನ್ನು ಪಲ್ಲಟಮಾಡಲಿಲ್ಲ. ಸರ್ವೆ ಕಲ್ಲನ್ನು ಕೀಳಬಾರದೆಂಬ ಧರ್ಮವೇ ಇದು.

ಹಾಗಾದರೆ ಎಲ್ಲವನ್ನೂ ಎಲ್ಲರಿಗೂ ತೋರಿಸಬಹುದೆ? ಕೂಡದು. ಒಂದೊಂದು ಕೆಲಸವೂ ಎಷ್ಟು ಅಕ್ಷರಗಳನ್ನು ಓದಿತು, ಎಷ್ಟನ್ನು ಬರೆಯಿತು ಎಂಬ ಲೆಕ್ಕವನ್ನು ಪ್ರಾಕಿನಲ್ಲಿ ಯಾರು ಬೇಕಾದರೂ ಓದುವಂತೆ ಇಟ್ಟಿದ್ದರು. ಇದರಲ್ಲಿ ಗುಟ್ಟೇನಿದೆ ಎಂದು ತೋರುವುದು ಸಹಜ. ಆದರೆ ೨೦೧೧ರಲ್ಲಿ ಒಬ್ಬ ಶೋಧಕನು, ಮತ್ತೊಬ್ಬರು ಗುಪ್ತಪದವನ್ನು ಬೆರಳಚ್ಚು ಮಾಡುವಾಗ ಈ ಅಂಕಿಯು ಎಷ್ಟು ಏರಿತೆಂದು ನೋಡಿ ಆ ಪದದಲ್ಲಿ ಎಷ್ಟು ಅಕ್ಷರಗಳಿವೆಯೆಂದು ಕಂಡುಹಿಡಿಯಬಹುದೆಂಬುದನ್ನು ತೋರಿಸಿಕೊಟ್ಟನು. ಅಂದಿನಿಂದ ಆ ಕಡತಕ್ಕೆ ಬಾಗಿಲು ಹಾಕಿ, ಅದರ ಒಡೆಯನಿಗೂ ಯಂತ್ರದ ಯಜಮಾನನಿಗೂ ಮಾತ್ರ ತೋರಿಸುತ್ತಿದ್ದಾರೆ. ಊರಿನ ಕೆರೆಯ ನೀರು ಊರಿಗೆಲ್ಲ ಕಾಣಬೇಕು. ಒಂದೊಂದು ಮನೆಯ ಹಂಡೆಯಲ್ಲಿ ನೀರೆಷ್ಟೆಂಬುದು ಬೀದಿಗೆ ಕಾಣಬೇಕಾಗಿಲ್ಲ. ಸಮುದಾಯದ ಲೆಕ್ಕ, ವ್ಯಕ್ತಿಯ ಲೆಕ್ಕ ಎಂಬ ಈ ವಿವೇಕವು ಯಂತ್ರಕ್ಕೂ ಅವಶ್ಯಕ, ರಾಜ್ಯಕ್ಕೂ ಅವಶ್ಯಕ.

ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಈ ಎರಡೂ ಒಂದೇ ಕಡೆ ಕಾಣಸಿಗುತ್ತವೆ. ಚೋಳರ ಕಾಲದ ಆ ದೇವಾಲಯದ ಕಲ್ಲಿನ ಮೇಲೆ ದೇವಿಯ ಸೇವೆಗೆ ಬಿಟ್ಟದ್ದನ್ನು ತಮಿಳಿನಲ್ಲಿ ಕೊರೆದ ಶಾಸನಗಳಿವೆ. ಸಾವಿರ ವರ್ಷದ ಹಿಂದಿನ ಆ ಲೆಕ್ಕವು ಇಂದಿಗೂ ಗೋಡೆಯ ಮೇಲೆ ನಿಂತಿದೆ, ಬಿ. ಎಲ್. ರೈಸ್ ಸಾಹೇಬರು ಅವುಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಕೋಲಾರದ ಸಂಪುಟದಲ್ಲಿ ಅಚ್ಚುಹಾಕಿಸಿದರು. ಅದೇ ಗುಡಿಯ ಚೇಳಮ್ಮನ ಸನ್ನಿಧಿಯಲ್ಲಿ ನೆಲದೊಳಗೆ ಒಂದು ಹುಂಡಿಯಿದೆ. ಭಕ್ತರು ಕಾಣಿಕೆಯನ್ನು ಅದರೊಳಗೆ ಬಿಡುತ್ತಾರೆ. ಅದನ್ನು ಯಾರೂ ತೆರೆದು ನೋಡಿಲ್ಲವೆಂದು ಜನ ಹೇಳುತ್ತಾರೆ. ದೇವರಿಗೂ ಭಕ್ತನಿಗೂ ನಡುವಣ ಕಾಣಿಕೆಗೆ ಲೆಕ್ಕ ಬೇಡ; ಸಮುದಾಯದ ದತ್ತಿಗೆ ಲೆಕ್ಕ ಬೇಕು, ಅದೂ ಕಲ್ಲಿನ ಮೇಲೆ.

ಕೊನೆಯದಾಗಿ, ಯಾವುದನ್ನು ತೋರಿಸಬೇಕೆಂಬ ವಿಚಾರ. ಡಿಸ್ಕು ಎಷ್ಟು ಹೊತ್ತು ಬಿಡುವಿಲ್ಲದೆ ಇತ್ತೆಂಬ ಅಂಕಿಯನ್ನು ನೋಡಿ, ನೂರಕ್ಕೆ ನೂರು ಭಾಗ ದುಡಿಯುತ್ತಿದೆ, ಇನ್ನು ಅದರಿಂದಾಗದು ಎಂದು ಹೇಳುವುದುಂಟು. ಈಚಿನ ಡಿಸ್ಕುಗಳು ಒಂದೇ ಕಾಲದಲ್ಲಿ ಹತ್ತಾರು ಬೇಡಿಕೆಗಳನ್ನು ಪೂರೈಸಬಲ್ಲುವಾದುದರಿಂದ ಆ ಅಂಕಿಯು ದಾರಿತಪ್ಪಿಸುತ್ತದೆ. ಅಡಿಗೆಯ ಮನೆಯಲ್ಲಿ ಒಲೆಯು ಸದಾ ಉರಿಯುತ್ತಿದ್ದಮಾತ್ರಕ್ಕೆ ಎಲ್ಲ ಒಲೆಗಳೂ ಉರಿಯುತ್ತಿವೆಯೆಂದಾಗಲಿಲ್ಲ. ಕೇಳತಕ್ಕದ್ದು ಒಲೆಯನ್ನಲ್ಲ, ಎಲೆಯ ಮುಂದೆ ಕುಳಿತವನನ್ನು. ಇದನ್ನರಿತು ೨೦೧೮ರಲ್ಲಿ, ೪.೨೦ ಆವೃತ್ತಿಯಲ್ಲಿ, ಫೇಸ್‌ಬುಕ್ ಕಂಪನಿಯ ಯೊಹಾನೆಸ್ ವೈನರ್ 'ಒತ್ತಡ'ದ ಲೆಕ್ಕವೆಂಬುದನ್ನು ತಂದನು. ಕಳೆದ ೧೦, ೬೦, ೩೦೦ ಸೆಕೆಂಡುಗಳಲ್ಲಿ ಕೆಲಸಗಳು ಉಗ್ರಾಣಕ್ಕಾಗಿ ಕೈಕಟ್ಟಿ ಕುಳಿತ ಕಾಲವು ನೂರಕ್ಕೆ ಎಷ್ಟು ಪಾಲು ಎಂಬುದನ್ನು ಅದು ಹೇಳುತ್ತದೆ. ಅದನ್ನಿಟ್ಟದ್ದು ಪ್ರಾಕಿನಲ್ಲಿ, ಎಲ್ಲರಿಗೂ ಕಾಣುವಂತೆ.

ಈ ಕಾಯುವಿಕೆಯ ಲೆಕ್ಕವು ಯಂತ್ರದ ಹೊರಗೂ ಬೇಕೆಂಬುದೇ ನನ್ನ ಬಿನ್ನಹ. ಕೆಲವು ಕಾಲದ ಹಿಂದೆ ನಮ್ಮ ಕಡೆಯ ಒಂದು ಕಚೇರಿಯಲ್ಲಿ, ಒಬ್ಬ ವೃದ್ಧೆಯ ಜೊತೆಯಲ್ಲಿ ಒಂದು ಪತ್ರಕ್ಕಾಗಿ ನಾನು ಮೂರು ದಿನ ಕಾದಿದ್ದೆನು. ದಿನವೂ ದೊರೆತ ಉತ್ತರವು ಒಂದೇ: "ಸರ್ವರ್ ನಿಧಾನ, ನಾಳೆ ಬನ್ನಿ." ಆ ಮುದುಕಿಯು ನನ್ನನ್ನು, "ಸ್ವಾಮೀ, ಆ ಸರ್ವರಪ್ಪ ಯಾರು? ಅವರ ಮನೆಗೇ ಹೋಗಿ ಕೇಳ್ಕೊಂಡರೆ ಆಗಾಕಿಲ್ವಾ?" ಎಂದು ಕೇಳಿದಳು. ನಗು ಬಂದರೂ ನಗಲಾರದೆ ಹೋದೆನು. ಸರ್ವರು ನಿಜವಾಗಿಯೂ ನಿಧಾನವಾಗಿತ್ತೆ, ದಾರಿಯಲ್ಲಿ ತಂತಿ ಕಡಿದಿತ್ತೆ, ಅಥವಾ ನಿಧಾನವಾಗಿದ್ದದ್ದು ಮನುಷ್ಯರೆ? ಕರ್ನೆಲಿನೊಳಗೆ ಅದರ ಲೆಕ್ಕವು ಮಿಲಿಸೆಕೆಂಡಿನವರೆಗೆ ಬರೆದಿತ್ತು. ನೆಲದ ಮೇಲೆ ಕುಳಿತ ಮುದುಕಿಗೆ ಮಾತ್ರ ಅದು ಹಗೇವಾಗಿತ್ತು.

ಇದಕ್ಕೆ ಪ್ರತಿಯಾದ ಒಂದು ಒಳ್ಳೆಯ ಮಾದರಿಯೂ ನಮ್ಮ ರಾಜ್ಯದಲ್ಲಿಯೇ ಉಂಟು. ೨೦೦೦ದ ಸುಮಾರಿನಲ್ಲಿ 'ಭೂಮಿ' ಎಂಬ ಯೋಜನೆಯಿಂದ ೧೭೭ ತಾಲ್ಲೂಕುಗಳ, ಸುಮಾರು ೬೭ ಲಕ್ಷ ಭೂಮಾಲೀಕರ, ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದರು. ಅಂದು ತಾಲ್ಲೂಕು ಕಚೇರಿಯಲ್ಲಿ ೧೫ ರೂಪಾಯಿಗೆ ಪಹಣಿಯನ್ನು ಕೊಡುವಲ್ಲಿ, ಗುಮಾಸ್ತನ ಮುಂದಿನ ಪರದೆಯಲ್ಲದೆ, ರೈತನ ಕಡೆಗೆ ತಿರುಗಿಸಿದ ಎರಡನೆಯ ಪರದೆಯೊಂದನ್ನು ಇಟ್ಟಿದ್ದರು. ತನ್ನ ಜಮೀನಿನ ವಿಷಯವಾಗಿ ಒಳಗೆ ಏನು ನಡೆಯುತ್ತಿದೆಯೆಂಬುದನ್ನು ರೈತನು ಕುಳಿತಲ್ಲಿಂದಲೇ ನೋಡಬಹುದಾಗಿತ್ತು. ಕೋಟಿಗಟ್ಟಲೆ ದಾಖಲೆಗಳ ಆ ದೊಡ್ಡ ಕೆಲಸದಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯದಾಗಿ ಕಂಡದ್ದು ಹೀಗೆ ತಿರುಗಿಸಿಟ್ಟ ಒಂದು ಪರದೆ.

೨೦೧೮ರಿಂದ ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಗಳ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಒಣಗಿದ್ದ ಕೆರೆಗಳು ತುಂಬಿದ್ದು ಕಣ್ಣಿಗೆ ಹಬ್ಬ. ಆ ನೀರು ಎಂಥದೆಂಬ ಚರ್ಚೆಯು ನ್ಯಾಯಾಲಯದವರೆಗೂ ಹೋಯಿತು. ಹಿಂದೆ ತೂಬಿನ ಕಲ್ಲು ನೀರೆಷ್ಟೆಂಬುದನ್ನು ಹೇಳಿದರೆ ಸಾಕಾಗಿತ್ತು. ಈಗ ನೀರು ಹೇಗಿದೆಯೆಂಬುದನ್ನೂ ಹೇಳಬೇಕಾಗಿದೆ. ಪರೀಕ್ಷೆಯ ಫಲವು ದೂರದ ಕಚೇರಿಯ ಕಡತದಲ್ಲಿದ್ದರೆ ಅದು ಇದ್ದೂ ಇಲ್ಲದಂತೆ; ಏರಿಯ ಮೇಲೆ ಕನ್ನಡದಲ್ಲಿ ಬರೆದ ಹಲಗೆಯಾದರೆ ಅದು ಲೆಕ್ಕ.

ನನ್ನ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುವೆನು. ಎಣಿಕೆಯು ಉಗ್ರಾಣದ ಬಾಗಿಲಲ್ಲಿಯೇ ನಡೆಯಬೇಕು. ಬೇರೆಲ್ಲಿ ಎಣಿಸಿದರೂ ಅದು ಊಹೆ. ತೋರಿಸುವ ಸ್ಥಳವು ನೋಡತಕ್ಕವನ ದಾರಿಯಲ್ಲಿರಬೇಕು. ಒಬ್ಬರಿಗಿಂತ ಹೆಚ್ಚು ಬಗೆಯ ನೋಟಕರಿದ್ದರೆ ಎರಡು ಕಡೆ ಇಟ್ಟರೂ ದೋಷವಿಲ್ಲ. ಒಂದು ಗಳಿಗೆಯ ಅಂಕಿಗಳು ಒಟ್ಟಿಗಿರಬೇಕು. ಒಮ್ಮೆ ಇಟ್ಟ ಸ್ಥಳವನ್ನು ಕದಲಿಸಬಾರದು. ಒಬ್ಬೊಬ್ಬರ ಗುಟ್ಟಿಗೆ ಬಾಗಿಲಿರಬೇಕು. ಎಣಿಕೆಯ ಖರ್ಚು ಊಟವನ್ನು ಕೆಡಿಸದಂತಿರಬೇಕು. ಲಿನಕ್ಸಿನ ಶಿಲ್ಪಿಗಳು ಮೂವತ್ತು ವರ್ಷಗಳಿಗೂ ಮಿಕ್ಕಿದ ಕಾಲದಲ್ಲಿ ವಾದವಿವಾದಮಾಡಿ ಈ ಧರ್ಮಗಳನ್ನು ಬಹುಮಟ್ಟಿಗೆ ಕಂಡುಕೊಂಡಿದ್ದಾರೆ. ಅವು ಹೊಸವಲ್ಲ, ಕೆರೆ ಕಟ್ಟಿಸಿದವರು ತೂಬಿನ ಬಳಿ ಕಲ್ಲುಕಂಬವನ್ನು ನಿಲ್ಲಿಸುವಾಗಲೇ ತಿಳಿದಿದ್ದುವು. ವಾಚಕರ ಮನೆಯಲ್ಲಿ ಕಂಪ್ಯೂಟರು ನಿಧಾನವಾದಾಗ, ಅದನ್ನು ಬಲ್ಲ ಮಕ್ಕಳನ್ನು ಕರೆದು, ಮೊದಲು ಅದರ ಲೆಕ್ಕವನ್ನು ತೆಗೆಸಿ ನೋಡಲಿ. ಮನೆಯ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಅಂದೇ ಎರಡನೆಯ ಕಡೆಯಲ್ಲಿ ಬರೆದಿಡಲಿ. ಗೆದ್ದಲೂ ಡಿಸ್ಕೂ ನಮ್ಮ ಬಿಡುವಿಗಾಗಿ ಕಾಯುವುದಿಲ್ಲ.